ಎರಡು ಬಡಿತ

ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಏಳು ತಿಂಗಳಾಗಿತ್ತು. ಇಳಕಲ್ಲಿನ ಕಡೆಯವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ರೊಟ್ಟಿ ಬಡಿಯುವ ಸದ್ದಿಲ್ಲದ ಮನೆ ಅಂದರೆ ಸೂತಕದ ಮನೆಯೇ ಸೈ. ಆದರೆ ಅವ್ವನ ಅಂಗೈ ಹಿಟ್ಟಿನ ಮೇಲೆ ಎರಡು ಸಲ ಬಿದ್ದರೆ ಸಾಕು, ಒಳಕೋಣೆಯಲ್ಲಿ ಕೂತಿದ್ದ ನನ್ನ ಅಣ್ಣ ರಾಚಪ್ಪ ಬೆಚ್ಚಿಬಿದ್ದು ಬಲಗಾಲನ್ನು ನೆಲಕ್ಕೆ ಒತ್ತುತ್ತಿದ್ದ. ಬ್ರೇಕು ಒತ್ತುವ ಕಾಲು ಅದು. ಒತ್ತಿ ಒತ್ತಿ ಅಲ್ಲಿನ ಗಾರೆ ಸಣ್ಣಗೆ ಸವೆದಿತ್ತು. ಕಡೆಗೆ ಅವ್ವ ಪಕ್ಕದ ಮನೆಯಿಂದ ಲಟ್ಟಣಿಗೆ ಇಸಕೊಂಡು ಬಂದು ಲಟ್ಟಿಸತೊಡಗಿದಳು. ಲಟ್ಟಿಸಿದ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನಾವು ಮೂವರೂ ಅದನ್ನೇ ತಿನ್ನುತ್ತಿದ್ದೆವು.

ಬಡಿತದ ಕಾನೂನು ತಿಳಿಯದವರಿಗೆ ಈ ಕಥೆ ತಿಳಿಯುವುದಿಲ್ಲ, ಆದ್ದರಿಂದ ಅದನ್ನು ಮೊದಲು ಹೇಳುತ್ತೇನೆ. ನಮ್ಮದು ಕೆಂಪು ಕಲ್ಲಿನ ಕ್ವಾರಿಯ ಊರು. ಡೀಸೆಲ್ ಗಾಡಿಗಳು ರಸ್ತೆಯಿಂದ ಮಾಯವಾಗಿ ಹನ್ನೊಂದು ವರ್ಷವಾಯಿತು. ಈಗ ಕಲ್ಲು ಹೊರುವುದೆಲ್ಲ ಎಲೆಕ್ಟ್ರಿಕ್ ಪಿಕಪ್‌ಗಳು. ಡೀಸೆಲ್ ಗಾಡಿ ಹೊರಡುವ ಮುಂಚೆ ಗುರುಗುಟ್ಟುತ್ತಿತ್ತು, ಹೊಗೆ ಉಗುಳುತ್ತಿತ್ತು, ಬಾಡಿಯ ಮೇಲೆ ನಿಂತ ಹಮಾಲ ಹುಷಾರಾಗುತ್ತಿದ್ದ. ಇವು ಹಾಗಲ್ಲ. ಸದ್ದಿಲ್ಲದೆ ನಿಂತಿರುತ್ತವೆ, ಸದ್ದಿಲ್ಲದೆ ಒಮ್ಮೆಲೇ ಜಗ್ಗಿ ಹೊರಡುತ್ತವೆ. ಚಾಲಕನಿಗೆ ಕನ್ನಡಿಯಲ್ಲಿ ಕಾಣುವುದು ಬರೀ ಕಲ್ಲು. ಹಾಗಾಗಿ ಹಳೇ ಪದ್ಧತಿಯೊಂದು ನಮ್ಮಲ್ಲಿ ವೇದವಾಯಿತು. ಬಾಡಿಯ ಮೇಲಿನ ಹಮಾಲ ಅಂಗೈಯಿಂದ ತಗಡಿಗೆ ಒಂದು ಸಲ ಬಡಿದರೆ ನಿಲ್ಲು, ಎರಡು ಸಲ ಬಡಿದರೆ ಹೊರಡು. ಬಡಿಯುವ ಹಕ್ಕು ಮೇಲೆ ನಿಂತವನಿಗೆ ಮಾತ್ರ. ಕೆಳಗೆ ನಿಂತವನು ದೇವರಾದರೂ ಬಡಿಯುವಂತಿಲ್ಲ.

ಏಳು ತಿಂಗಳ ಹಿಂದೆ ಅಣ್ಣನ ಗಾಡಿಯ ಮೇಲೆ ಫಕೀರಪ್ಪ ನಿಂತಿದ್ದ. ಹನ್ನೆರಡು ವರ್ಷದ ಜೊತೆ ಅವರದು. ಕ್ರೇನು ಕಲ್ಲಿನ ದಿಮ್ಮಿಯನ್ನು ಇಳಿಸಿ ಅತ್ತ ತಿರುಗಿತ್ತು. ಸರಪಳಿ ಬಿಗಿಯುವುದು ಬಾಕಿಯಿತ್ತು. ಹಿಂದಿನ ಬಾಗಿಲು ಇನ್ನೂ ತೆರೆದೇ ಇತ್ತು. ಆಗ ಗಾಡಿ ಹೊರಟಿತು. ದಿಮ್ಮಿ ಹಿಂದಕ್ಕೆ ಜಾರಿ ವಾಲಿತು, ಅದರ ಮೂಲೆ ಬಾಡಿಯನ್ನು ಸೀಳಿ ಕೆಳಗಿನ ಬ್ಯಾಟರಿಗೆ ಇಳಿಯಿತು. ಬ್ಯಾಟರಿಯ ಬೆಂಕಿಯನ್ನು ನೋಡಿದವರಿಗೆ ಗೊತ್ತು, ಅದು ನೀರಿಗೆ ಹೆದರುವ ಬೆಂಕಿಯಲ್ಲ. ದಿಮ್ಮಿಯ ಕೆಳಗೆ ಕಾಲು ಸಿಕ್ಕಿಹಾಕಿಕೊಂಡಿದ್ದ ಫಕೀರಪ್ಪನನ್ನು ಅಣ್ಣ ಎಳೆಯುತ್ತಲೇ ಇದ್ದ. ಕೈಯ ಚರ್ಮ ಹೋದರೂ ಎಳೆಯುತ್ತಿದ್ದ. ಫಕೀರಪ್ಪ ಬರಲಿಲ್ಲ.

ವಿಚಾರಣೆಯಲ್ಲಿ ಅಣ್ಣ ಹೇಳಿದ್ದು ಒಂದೇ ಮಾತು, ಎರಡು ಬಡಿತ ಕೇಳಿತು ಎಂದು. ಅಲ್ಲಿದ್ದ ಇನ್ನೊಬ್ಬ ಸಾಕ್ಷಿ ನಮ್ಮ ವಿರೂಪಣ್ಣ ಸಾಹುಕಾರ. ಗಾಡಿಗಳೂ ಅವನವೇ, ಡಿಪೋನೂ ಅವನದೇ, ಗಾಡಿಗೆ ಹಾಸು ಹೊಡೆಯುವ ಶೆಡ್ಡೂ ಅವನದೇ. ಯಾರೂ ಬಡಿಯಲೇ ಇಲ್ಲ, ಚಾಲಕ ತೂಕಡಿಸಿ ಕಾಲಿಟ್ಟಿರಬೇಕು, ಪಾಪ, ಒಳ್ಳೆಯ ಹುಡುಗ ಎಂದು ಅವನು ಕಣ್ಣೊರೆಸಿಕೊಂಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅಣ್ಣನ ಲೈಸೆನ್ಸು ಹೋಯಿತು. ಊರಿನ ಬಾಯಲ್ಲಿ ಅವನು ಫಕೀರಪ್ಪನನ್ನು ಕೊಂದವನಾದ. ಅದಕ್ಕಿಂತ ಕೆಟ್ಟದ್ದೆಂದರೆ ತಿಂಗಳುಗಳು ಕಳೆದಂತೆ ಅವನ ತಲೆಯಲ್ಲೂ ಅದೇ ಮಾತು ಬೇರು ಬಿಟ್ಟಿತು.

"ಕಸ್ತೂರಿ, ನನಗ ಕೇಳಿದ್ದು ಖರೇನೋ ಸುಳ್ಳೋ ನನಗ ಗೊತ್ತಾಗವಲ್ದು," ಅಂದ ಒಂದು ದಿನ. "ನಾನ ಕೊಂದಿದ್ರ ಒಮ್ಮೆ ಹೇಳಿಬಿಡ್ರಿ. ಹೀಂಗ ನಡುವ ತೂಗಾಡೂದು ಆಗೂದಿಲ್ಲ."

ಆ ದಿನ ನಾನು ಮುಖ ತಪ್ಪಿಸಿ ಹಿತ್ತಲಿಗೆ ಎದ್ದು ಹೋದೆ. ಯಾಕೆಂದರೆ ಅಣ್ಣನಿಗೆ ಗೊತ್ತಿಲ್ಲದ ಇನ್ನೊಂದು ಸತ್ಯ ನನ್ನ ಹೊಟ್ಟೆಯಲ್ಲಿತ್ತು. ಆ ಗಾಡಿಗೆ ಅರೆಬರೆ ಹಾಸು ಹೊಡೆದವಳು ನಾನು.

*

ಹಾಸು ಅಂದರೆ ಕಂಬಳಿಯಲ್ಲ, ಚಾಪೆಯಲ್ಲ. ಪಿಕಪ್ಪಿನ ಬಾಡಿಯ ಒಳಮೈಗೆ ಗನ್ನಿನಿಂದ ಬಿಸಿಬಿಸಿಯಾಗಿ ಸಿಂಪಡಿಸುವ ದಪ್ಪನೆಯ ಕರಿ ಲೇಪ. ಆರಿದ ಮೇಲೆ ರಬ್ಬರಿನಂತೆ ಬಾಗುತ್ತದೆ, ಆದರೆ ಉಳಿಗೂ ಜಗ್ಗುವುದಿಲ್ಲ. ಬ್ಯಾಟರಿ ಬಾಡಿಯ ಕೆಳಗೇ ಇರುವುದರಿಂದ ಮೂರು ಕೋಟ್ ಹಾಸು ಇಲ್ಲದ ಗಾಡಿ ಕಲ್ಲು ಹೊರುವಂತಿಲ್ಲ ಎಂದು ಸರ್ಕಾರ ನಿಯಮ ಮಾಡಿದೆ. ಮೊದಲ ಕೋಟಿನ ಮೇಲೆ ಕೂದಲಿನಷ್ಟು ಸಣ್ಣ ತಂತುಗಳ ಬಲೆಯೊಂದನ್ನು ಹಾಸಿ, ಅದರ ಮೇಲೆ ಉಳಿದ ಎರಡು ಕೋಟ್ ಹೊಡೆಯಬೇಕು. ಭಾರ ಎಲ್ಲಿ ಕೂತಿದೆ, ಎಷ್ಟು ಕೂತಿದೆ ಎಂಬುದನ್ನು ಬಲೆ ಗಾಡಿಯ ಕಂಪ್ಯೂಟರಿಗೆ ಹೇಳುತ್ತದೆ, ಅದು ಚಕ್ರಗಳ ಎಳೆತವನ್ನು ಸರಿತೂಗಿಸುತ್ತದೆ. ಅದಕ್ಕೇ ನಮ್ಮ ಮಂದಿ ಇದನ್ನು ನರಹಾಸು ಅನ್ನುತ್ತಾರೆ. ಗಾಡಿಗೆ ನರ ಬಂದಂತೆ.

ನಾನು ಪಾಲಿಟೆಕ್ನಿಕ್ಕಿನಲ್ಲಿ ಪ್ಲಾಸ್ಟಿಕ್ ವಿದ್ಯೆ ಓದಿ ಸಾಹುಕಾರನ ಶೆಡ್ಡಿಗೆ ಸೇರಿದವಳು. ಅಣ್ಣನ ಗಾಡಿ ಬಂದಾಗ ಮೊದಲ ಕೋಟ್ ಹೊಡೆದು, ಬಲೆ ಹಾಸಿ, ಅದನ್ನು ಹಿಡಿದಿಡಲು ತೆಳ್ಳಗೆ ಒಂದು ಪದರು ಹೊಡೆದಿದ್ದೆ. ಸಾಹುಕಾರ ಬಂದು ಸಾಕು ಅಂದ. ಮೇಲೆ ಕರಿ ಬಣ್ಣ ಬಳಿ, ಉಳಿದದ್ದು ಮುಂದಿನ ತಿಂಗಳು ಹೊಡೆಯೋಣ, ಗಾಡಿ ನಾಳೆಯೇ ಕ್ವಾರಿಗೆ ಇಳಿಯಬೇಕು ಅಂದ. ಮೂರು ಕೋಟ್ ಆಗಿದೆ ಎಂಬ ಪತ್ರಕ್ಕೆ ತಾನೇ ಸಹಿ ಹಾಕಿದ. ಮುಂದಿನ ತಿಂಗಳು ಬರಲೇ ಇಲ್ಲ. ನನ್ನ ಅಣ್ಣನದೇ ಗಾಡಿ, ಬಣ್ಣ ಬಳಿದ ಕೈ ನನ್ನದೇ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ದಿನಾ ಬೆಳಿಗ್ಗೆ ಗನ್ನು ಹಿಡಿಯುವಾಗ ಆ ಹುಣ್ಣು ನನಗೆ ಕಾಣುತ್ತಿತ್ತು.

ನಾನು ಕೆಲಸ ಬಿಡಲಿಲ್ಲ. ಊರು ಆಡಿಕೊಂಡಿತು, ಅಣ್ಣನಿಗೆ ಹೀಗಾದರೂ ಸಾಹುಕಾರನ ಅನ್ನಕ್ಕೆ ಕೈ ಚಾಚುತ್ತಾಳೆ ಎಂದು. ಆಡಿಕೊಳ್ಳಲಿ. ಹಾವಿನ ಮೇಲೆ ಕಣ್ಣಿಡಬೇಕಾದರೆ ಹುತ್ತದ ಹತ್ತಿರವೇ ಇರಬೇಕು.

ಶೆಡ್ಡಿನಲ್ಲಿ ನರಹಾಸಿನ ಕೈಪಿಡಿಯೊಂದು ಧೂಳು ತಿನ್ನುತ್ತ ಬಿದ್ದಿತ್ತು. ಯಾರೂ ಓದದ ನಾನೂರು ಪುಟ. ನಾನು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಓದತೊಡಗಿದೆ. ಮುನ್ನೂರ ಹನ್ನೆರಡನೇ ಪುಟದಲ್ಲಿ ಒಂದು ಸಾಲಿತ್ತು. ಬಲೆಯ ಪ್ರತಿ ಗಂಟಿನಲ್ಲೂ ಸಾಸಿವೆ ಗಾತ್ರದ ಒಂದು ಚಿಪ್ ಇರುತ್ತದೆ, ಅದು ಕೊನೆಯ ಹತ್ತು ನಿಮಿಷದ ಒತ್ತಡ, ಅದುರಾಟ ಎಲ್ಲವನ್ನೂ ತನ್ನಲ್ಲೇ ಬರೆದುಕೊಂಡಿರುತ್ತದೆ, ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತದೆ, ವಿದ್ಯುತ್ತು ನಿಂತರೆ ಬರೆದದ್ದು ಹಾಗೆಯೇ ಉಳಿಯುತ್ತದೆ. ಗಾಡಿಯ ಕಂಪ್ಯೂಟರು ಕೆಟ್ಟರೆ ಬಲೆ ತಾನೇ ಸಂಭಾಳಿಸಲಿ ಎಂದು ಮಾಡಿದ ಏರ್ಪಾಡು ಅದು. ಓದುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ.

ನಾನು ಪುಸ್ತಕ ಮುಚ್ಚಿದೆ. ಗಾಡಿ ತನ್ನ ಮೈಮೇಲೆ ಆದದ್ದನ್ನು ನೆನಪಿಟ್ಟುಕೊಂಡಿದ್ದರೆ? ಬಡಿದದ್ದು ಯಾರು ಎಂದು ಕೇಳಲು ಮನುಷ್ಯರೇ ಯಾಕೆ ಬೇಕು?

ಆದರೆ ಸುಟ್ಟ ಗಾಡಿಯನ್ನು ಸಾಹುಕಾರ ವಾರದೊಳಗೆ ಕುಲುಮೆಗೆ ಕಳಿಸಿಬಿಟ್ಟಿದ್ದ. ಉಳಿದದ್ದು ಒಂದೇ ಒಂದು ತುಂಡು. ದಿಮ್ಮಿ ವಾಲಿದಾಗ ಹಿಂದಿನ ಬಾಗಿಲಿನ ಕೀಲು ಮುರಿದು, ಬಾಗಿಲು ಹಾರಿ ಜಾಲಿಯ ಪೊದೆಯಲ್ಲಿ ಬಿದ್ದಿತ್ತು. ಬೆಂಕಿ ಅದಕ್ಕೆ ತಾಕಿರಲಿಲ್ಲ. ಗಂಡ ಕಡೆಯ ಬಾರಿ ಕಾಲಿಟ್ಟ ಜಾಗ ಎಂದು ಫಕೀರಪ್ಪನ ಹೆಂಡತಿ ದ್ಯಾಮವ್ವ ಅದನ್ನು ತಲೆಯ ಮೇಲೆ ಹೊತ್ತು ಮನೆಗೆ ಒಯ್ದಿದ್ದಳು. ನಮ್ಮ ಓಣಿಯ ನೀರಿನ ನಳದಲ್ಲಿ ನನ್ನ ಕೊಡ ಕಂಡರೆ ತನ್ನ ಕೊಡವನ್ನು ಖಾಲಿಯೇ ಎತ್ತಿಕೊಂಡು ಹೋಗುತ್ತಿದ್ದವಳು ಅವಳು.

*

ನಾನು ಹೋದಾಗ ದ್ಯಾಮವ್ವ ಆಡಿನ ಹಾಲು ಕರೆಯುತ್ತಿದ್ದಳು. ಹಟ್ಟಿಯ ಬಾಗಿಲೇ ಆ ಗಾಡಿಯ ಬಾಗಿಲು. ಅದರ ಮೂಲೆಗೆ ಕುಂಕುಮ ಹಚ್ಚಿದ್ದಳು. ನಾನು ಬಂದ ಕಾರಣ ಹೇಳಿದೆ, ಅರ್ಧ ಹೇಳಿದೆ. ಹಾಸಿನಲ್ಲಿ ನೆನಪು ಇರುತ್ತದೆ, ಅದನ್ನು ಓದಿದರೆ ಬಡಿದದ್ದು ಯಾರೆಂದು ತಿಳಿಯುತ್ತದೆ ಎಂದೆ. ಹಾಸು ಹೊಡೆದ ಕೈ ಯಾರದೆಂದು ಹೇಳಲಿಲ್ಲ. ಅವಳು ಹಾಲು ಕರೆಯುವುದನ್ನು ನಿಲ್ಲಿಸಲಿಲ್ಲ.

"ನಿಮ್ಮ ಮನಿ ಮಂದಿಗೆ ನನ್ನ ಗಂಡ ಸಾಲಲಿಲ್ಲ, ಈಗ ಬಾಗಿಲಾನೂ ಬೇಕಾತೇನು?"

ಕರೆದು ಮುಗಿಸಿ ಅವಳು ಚರಿಗೆ ಎತ್ತಿಟ್ಟು, ಓದುವುದಿದ್ದರೆ ಇಲ್ಲೇ ಕೂತು ಓದಿಕೊಂಡು ಹೋಗು, ಬಾಗಿಲನ್ನು ಮಾತ್ರ ಮುಟ್ಟಿ ಒಯ್ಯಬೇಡ ಅಂದಳು. ಹಾಗೆ ನಮ್ಮ ಪ್ರಯೋಗಶಾಲೆ ಆಡಿನ ಹಟ್ಟಿಯಾಯಿತು. ಶೆಡ್ಡಿನ ಪರೀಕ್ಷಾಪೆಟ್ಟಿಗೆಯನ್ನು ಚೀಲದಲ್ಲಿ ತಂದು, ಬಾಗಿಲಿನ ಅಂಚನ್ನು ಸ್ವಲ್ಪ ಕೆರೆದು, ಬಲೆಯ ಎಳೆಗಳಿಗೆ ಒಂದೊಂದಾಗಿ ತಂತಿ ಜೋಡಿಸಿದೆ. ಕೆರೆದಾಗ ಅಂಚು ಕಣ್ಣಿಗೆ ಹೊಡೆಯಿತು. ಮೂರು ಪದರು ಇರಬೇಕಾದ ಕಡೆ ಒಂದು ಪದರು, ಅದರ ಮೇಲೆ ಹಪ್ಪಳದಷ್ಟು ತೆಳ್ಳಗೆ ಇನ್ನೊಂದು, ಅದರ ಮೇಲೆ ಬರೀ ಬಣ್ಣ. ನನ್ನದೇ ಕೆಲಸ. ನಾನು ಆ ಅಂಚಿನ ಮೇಲೆ ಸೆರಗು ಮುಚ್ಚಿ ಓದಲು ಕೂತೆ. ನಾಲ್ಕು ದಿನ ಮಧ್ಯಾಹ್ನಗಳಲ್ಲಿ ಹೋಗಿ ಓದಿದೆ. ಒಂದು ಆಡು ನನ್ನ ಕೈಪಿಡಿಯ ಹತ್ತು ಪುಟ ತಿಂದಿತು.

ಪೆಟ್ಟಿಗೆಯಲ್ಲಿ ತುಂಬಿಕೊಂಡದ್ದು ಬರೀ ಅಂಕಿಗಳು. ಅದನ್ನು ಸದ್ದಾಗಿ ಮಾಡುವ ಬಗೆ ಆ ತಂತುವಿನ ಸ್ವಭಾವದಲ್ಲೇ ಇತ್ತು. ಒತ್ತಿದರೆ ಅದು ವಿದ್ಯುತ್ತು ಕೊಡುತ್ತದೆ. ವಿದ್ಯುತ್ತು ಕೊಟ್ಟರೆ ಅದು ಒತ್ತುತ್ತದೆ. ಕೊಟ್ಟದ್ದನ್ನು ಹಾಗೆಯೇ ಹಿಂದಿರುಗಿಸುವ ಗುಣ. ಶೆಡ್ಡಿನಲ್ಲಿ ಒಬ್ಬಳೇ ಇದ್ದಾಗ, ಹಾಸು ಹೊಡೆದ ಒಂದು ತಗಡಿನ ಮೇಲೆ ಮುಷ್ಟಿ ಜೋಳ ಚೆಲ್ಲಿ, ಬಲೆಗೆ ಆ ಅಂಕಿಗಳನ್ನು ಹರಿಸಿದೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಕಾಳುಗಳು ಒಂದು ಕಡೆ ಪುಟಿದವು. ಮತ್ತೆ ಒಂದು ಮೊಳದಾಚೆ ಪುಟಿದವು. ಬಲಕ್ಕೆ ಜೋರಾಗಿ, ಎಡಕ್ಕೆ ಮೆಲ್ಲಗೆ. ಫಕೀರಪ್ಪನ ಎಡಗಾಲಿನ ಮೂರು ಬೆರಳು ಹಳೇ ಕ್ವಾರಿಯಲ್ಲಿ ಹೋಗಿದ್ದವು, ಅವನು ಆ ಕಾಲನ್ನು ಮೆಲ್ಲಗೆ ಊರುತ್ತಿದ್ದ. ನನ್ನ ಕಣ್ಣೆದುರು ಸತ್ತವನು ಜೋಳದ ಮೇಲೆ ನಡೆದು ಹೋದ.

ಮುಂದೆ ಅಂಗೈಯ ಒಂದು ಬಡಿತ. ಧಪ್. ನಿಲ್ಲು ಎಂದು ಹೇಳುವ ಬಡಿತ. ಫಕೀರಪ್ಪ ಸರಪಳಿ ಎಳೆಯುವ ಕರಕರ ಸದ್ದು. ಅದಾಗಿ ಕಾಲು ನಿಮಿಷಕ್ಕೆ ಬಾಗಿಲಿನ ತುದಿಯಲ್ಲೇ ಎರಡು ಬಡಿತ. ಟಣ್, ಟಣ್. ಅದು ಅಂಗೈಯಲ್ಲ. ಲೋಹ.

ನಮ್ಮ ಊರಿನ ಕೂಸಿಗೂ ಆ ಸದ್ದು ಗೊತ್ತು. ವಿರೂಪಣ್ಣ ಸಾಹುಕಾರನ ಬಲಗೈ ಹೆಬ್ಬೆರಳಿನಲ್ಲಿ ದಪ್ಪನೆಯ ಬೆಳ್ಳಿ ಉಂಗುರ ಇದೆ. ಮಾತಾಡುವಾಗ ಮೇಜಿಗೆ ಬಡಿಯುತ್ತಾನೆ, ಚಹಾ ಬೇಕಾದರೆ ಕಪ್ಪುಬಸಿಗೆ ಬಡಿಯುತ್ತಾನೆ, ತಡವಾದರೆ ಗಾಡಿಯ ತಗಡಿಗೆ ಬಡಿಯುತ್ತಾನೆ. ಕೆಳಗೆ ನಿಂತವನು ಬಡಿಯುವಂತಿಲ್ಲ ಎಂಬ ಕಾನೂನು ಹಮಾಲರಿಗೆ, ಸಾಹುಕಾರನಿಗಲ್ಲ. ಆ ದಿನ ಕಲ್ಲು ಹೊತ್ತೊಯ್ಯುವ ರೈಲು ಹೊರಡಲು ಅರ್ಧ ಗಂಟೆಯಿತ್ತು.

*

ವಿಚಾರಣೆಯ ಅಧಿಕಾರಿಯ ಹತ್ತಿರ ಮೊದಲು ಹೋದೆ. ಮುಗಿದ ವಿಚಾರಣೆಯನ್ನು ಮತ್ತೆ ತೆರೆಯಬೇಕಾದರೆ ಹೊಸ ಸಾಕ್ಷಿ ಬೇಕು, ಸಾಕ್ಷಿ ಮನುಷ್ಯನಾಗಿರಬೇಕು ಅಂದ. ಗಾಡಿಯ ಬಾಗಿಲು ಕಟಕಟೆಗೆ ಬಂದು ಪ್ರಮಾಣ ಮಾಡುವುದುಂಟೇ ಎಂದು ನಕ್ಕ. ನಾನು ಯಾವ ಊರು, ಯಾವ ಗಾಡಿ ಎಂದು ಹೇಳದೆ ಎದ್ದು ಬಂದೆ. ಬಸ್ಸಿನಲ್ಲಿ ಬರುವಾಗ ತೀರ್ಮಾನ ಮಾಡಿದೆ. ನ್ಯಾಯ ಸಿಗದಿದ್ದರೆ ಬೇಡ. ಸೇಡಂತೂ ನನ್ನ ಕೈಯಲ್ಲೇ ಇದೆ.

ದೇವರು ಕೂಡ ಕೆಲವು ಸಲ ಕೈಗೆ ಕೋಲು ತಂದು ಕೊಡುತ್ತಾನೆ. ಆ ವಾರವೇ ಸಾಹುಕಾರ ತನ್ನ ಹೆಸರಿನಲ್ಲಿ ಹೊಸದೊಂದು ಪಿಕಪ್ ತಂದ. ಹೊಳೆಯುವ ಬಿಳಿ ಗಾಡಿ. ಖಂಡೇನವಮಿಯ ದಿನ ಆಯುಧಪೂಜೆ, ಅಷ್ಟರೊಳಗೆ ಹಾಸು ಆಗಬೇಕು ಅಂದ. ಎಷ್ಟು ಕೋಟ್ ಎಂದು ಕೇಳಿದೆ.

"ಮೂರು ಹೊಡಿಯವಾ, ಬೇಕಾದ್ರ ಮ್ಯಾಲೊಂದು ಹೊಡಿ," ಅಂದ. "ನಮ್ಮ ಸ್ವಂತದ್ದು ಅಲ್ಲೇನು."

ಸ್ವಂತದ್ದು. ಆ ಮಾತು ಕೇಳಿ ನನ್ನ ಕಿವಿ ಬಿಸಿಯಾಯಿತು. ಅವನು ಅತ್ತ ಹೋದ ಮೇಲೆ ಒಂದು ಕೋಟ್ ಹೊಡೆದೆ, ಬಲೆ ಹಾಸಿದೆ, ತೆಳ್ಳಗೆ ಪದರು ಹೊಡೆದೆ, ನಿಲ್ಲಿಸಿದೆ. ಅಣ್ಣನ ಗಾಡಿಗೆ ಎಷ್ಟೋ ಅಷ್ಟೇ. ಕರಿ ಬಣ್ಣದ ಡಬ್ಬಿ ತೆರೆದು ಕುಂಚ ಅದ್ದಿದೆ. ಇದರ ಮೇಲೂ ಒಂದು ದಿಮ್ಮಿ ಜಾರಲಿ, ಇದರ ಬ್ಯಾಟರಿಯೂ ಬಾಯಿ ತೆರೆಯಲಿ. ಆ ಉಂಗುರ ಬೆರಳಿನಲ್ಲೇ ಕೆಂಪಗೆ ಕಾಯಲಿ. ಹೀಗೆಲ್ಲ ಮನಸ್ಸಿನಲ್ಲಿ ಅಂದುಕೊಳ್ಳುತ್ತ ಬಳಿಯುತ್ತಿದ್ದೆ, ಸುಖವಾಗಿತ್ತು, ಸುಳ್ಳು ಯಾಕೆ ಹೇಳಲಿ. ಅರ್ಧ ಬಳಿದಾಗ ಒಂದು ವಿಷಯ ಹೊಳೆಯಿತು. ಸಾಹುಕಾರ ಯಾವತ್ತೂ ಬಾಡಿ ಹತ್ತುವವನಲ್ಲ. ಸ್ಟೀರಿಂಗ್ ಹಿಡಿಯುವವನೂ ಅಲ್ಲ. ಮೇಲೆ ನಿಲ್ಲುವವನು ಇನ್ನೊಬ್ಬ ಫಕೀರಪ್ಪ, ಒಳಗೆ ಕೂರುವವನು ಇನ್ನೊಬ್ಬ ರಾಚಪ್ಪ. ನನ್ನ ಸೇಡು ಅವರನ್ನು ಸುಡುತ್ತಿತ್ತು. ಸಾಹುಕಾರ ಮತ್ತೊಮ್ಮೆ ಕಣ್ಣೊರೆಸಿಕೊಳ್ಳುತ್ತಿದ್ದ.

ಬಣ್ಣವನ್ನು ಉಜ್ಜಿ ತೆಗೆದು, ಮೂರು ಕೋಟ್ ಪೂರ್ತಿ ಹೊಡೆದೆ. ನನ್ನ ಜನ್ಮದಲ್ಲಿ ಅಷ್ಟು ಚಂದದ ಹಾಸು ಹೊಡೆದಿರಲಿಲ್ಲ. ಆಮೇಲೆ ಪರೀಕ್ಷಾಪೆಟ್ಟಿಗೆಯನ್ನು ಆ ಬಲೆಗೆ ಜೋಡಿಸಿ ಹಟ್ಟಿಯಲ್ಲಿ ಓದಿದ್ದನ್ನೆಲ್ಲ ಅದಕ್ಕೆ ತುಂಬಿದೆ. ಒಂದೇ ಒಂದು ಷರತ್ತು ಹಾಕಿದೆ. ಬಾಡಿಯ ಮೇಲೆ ಲೋಹದ ಎರಡು ಬಡಿತ ಬೀಳಬೇಕು. ಅಂಗೈ ಬಡಿದರೆ ಅದು ಮಾತಾಡುವಂತಿಲ್ಲ.

ಖಂಡೇನವಮಿಯ ಬೆಳಿಗ್ಗೆ ದ್ಯಾಮವ್ವನ ಮನೆಗೆ ಹೋಗಿ ಡಿಪೋಕ್ಕೆ ಬಾ ಎಂದು ಕರೆದೆ. ಬಂದರೆ ಏನು ಸಿಗುತ್ತದೆ ಅಂದಳು. ಸದ್ದು ಅಂದೆ. ಅಣ್ಣನನ್ನೂ ಕರೆದೆ, ಅವನು ಬರಲಿಲ್ಲ. ಗಾಡಿಗಳ ನಡುವೆ ನಿಲ್ಲುವ ಮುಖ ತನಗಿಲ್ಲ ಎಂದು ಗೋಡೆಗೆ ತಿರುಗಿ ಮಲಗಿದ.

*

ಡಿಪೋದ ಅಂಗಳದಲ್ಲಿ ಏಳು ಗಾಡಿಗಳು ಚೆಂಡುಹೂವಿನ ಸರ ತೊಟ್ಟು ಸಾಲಾಗಿ ನಿಂತಿದ್ದವು. ಆ ದಿನ ನಮ್ಮಲ್ಲಿ ಗಾಡಿ ದುಡಿಸುವುದಿಲ್ಲ. ಹೊಸ ಗಾಡಿ ಮಾತ್ರ ಚಕ್ರದಡಿ ಇಟ್ಟ ನಿಂಬೆಹಣ್ಣು ತುಳಿದು ನಾಲ್ಕು ಹೆಜ್ಜೆ ಹೋಗಿ ನಿಲ್ಲಬೇಕು. ಕುಂಬಳಕಾಯಿ ಒಡೆದಾಯಿತು, ಊದುಬತ್ತಿ ತಿರುಗಿಸಿ ಆಯಿತು. ಹಿರಿಯ ಚಾಲಕ ಮೈಬೂಬಸಾಬ ಸ್ಟೀರಿಂಗ್ ಹಿಡಿದು ಕೂತಿದ್ದ. ಬಾಡಿಯ ಮೇಲೆ ಯಾರೂ ಇರಲಿಲ್ಲ. ಸಾಹುಕಾರ ಜರಿಯ ಶಲ್ಯ ಸರಿಮಾಡಿಕೊಂಡು, ನಗುತ್ತ ಗಾಡಿಯ ಹಿಂದೆ ಬಂದು ಹೆಬ್ಬೆರಳಿನಿಂದ ಬಾಗಿಲಿಗೆ ಬಡಿದ. ಟಣ್, ಟಣ್.

ಗಾಡಿ ನಾಲ್ಕು ಹೆಜ್ಜೆ ಹೋಗಿ ನಿಂತಿತು. ಆಮೇಲೆ ಅದು ಮಾತಾಡತೊಡಗಿತು.

ಇಡೀ ಬಾಡಿಯೇ ಒಂದು ದೊಡ್ಡ ಹಲಗೆವಾದ್ಯದಂತೆ ಅದುರುತ್ತಿತ್ತು. ಮೊದಲು ಹೆಜ್ಜೆಗಳು. ಜೋರು, ಮೆಲ್ಲಗೆ, ಜೋರು, ಮೆಲ್ಲಗೆ. ಹಮಾಲರ ಗುಂಪು ಗಾಡಿಯ ಕಡೆಗೆ ಸರಿಯಿತು. ಅವರೆಲ್ಲ ಆ ಹೆಜ್ಜೆಯ ಜೊತೆ ಹನ್ನೆರಡು ವರ್ಷ ಕಲ್ಲು ಹೊತ್ತವರು. ಯಾರೂ ಹೆಸರು ಹೇಳಲಿಲ್ಲ, ಹೇಳಬೇಕಾಗಿರಲಿಲ್ಲ. ಮುಂದೆ ಅಂಗೈಯ ಒಂದು ಬಡಿತ. ಅದನ್ನು ಕೇಳಿದ ಕೂಡಲೇ ಕ್ಯಾಬಿನ್ನಿನಲ್ಲಿ ಕೂತಿದ್ದ ಮೈಬೂಬಸಾಬನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತಂತೆ, ಆಮೇಲೆ ಅವನೇ ಹೇಳಿದ. ಸರಪಳಿಯ ಕರಕರ. ಕಾಲು ನಿಮಿಷ.

ಟಣ್, ಟಣ್.

ಎಲ್ಲರ ಕಣ್ಣು ಸಾಹುಕಾರನ ಹೆಬ್ಬೆರಳಿನ ಮೇಲೆ ಬಿತ್ತು. ಈಗ ಅರೆಗಳಿಗೆಯ ಹಿಂದೆ ಕಿವಿಯಾರೆ ಕೇಳಿದ ಸದ್ದೇ ಅದು. ಅವನು ಕೈಯನ್ನು ಶಲ್ಯದೊಳಗೆ ಎಳೆದುಕೊಂಡ. ಗಾಡಿಯೊಳಗಿಂದ ಮೋಟಾರಿನ ಸಣ್ಣ ಗುಂಯ್‌ಗುಡುವಿಕೆ, ಆಮೇಲೆ ಕಲ್ಲು ಜಾರುವ ಸದ್ದು ಶುರುವಾಯಿತು. ಅಲ್ಲಿಗೆ ನಾನು ಬಾಡಿಯ ಅಡಿಯಲ್ಲಿ ಕಟ್ಟಿಟ್ಟಿದ್ದ ಪೆಟ್ಟಿಗೆಯನ್ನು ನಿಲ್ಲಿಸಿದೆ. ಮುಂದಿನದನ್ನು ದ್ಯಾಮವ್ವನ ಎದುರು ಕೇಳಿಸುವ ಧೈರ್ಯ ನನಗಿರಲಿಲ್ಲ.

ನಾನು ಗಾಡಿಯ ಮುಂದೆ ನಿಂತು ಎಲ್ಲ ಹೇಳಿದೆ. ಬಾಗಿಲು ಎಲ್ಲಿ ಸಿಕ್ಕಿತು, ಹೇಗೆ ಓದಿದೆ, ಬಡಿದದ್ದು ಯಾರು. ಏಳು ತಿಂಗಳು ನನ್ನ ಅಣ್ಣ ತನ್ನನ್ನು ತಾನು ಕೊಲೆಗಾರ ಅಂದುಕೊಂಡು ಬದುಕಿದ್ದಾನೆ, ಇವನು ಏಳು ತಿಂಗಳು ತುಪ್ಪ ಉಂಡಿದ್ದಾನೆ ಎಂದೆ. ಸಾಹುಕಾರ ಮೊದಲು ನಕ್ಕ, ಕಂಪ್ಯೂಟರಿನ ಆಟ ಅಂದ. ಯಾರೂ ಜೊತೆಗೆ ನಗಲಿಲ್ಲ. ಅವನ ಮುಖದ ಬಣ್ಣ ಕೆಟ್ಟಿತು. ಸಿಟ್ಟು ಬಂದಾಗ ಸಾಹುಕಾರನಿಗೆ ಬಾಯಿಗೆ ಬಾಗಿಲಿಲ್ಲ ಎಂಬುದು ನನಗೆ ಗೊತ್ತಿತ್ತು. ಅದನ್ನೇ ಕಾಯುತ್ತಿದ್ದೆ.

"ಬಡದ್ರ ಏನಾತು, ಹಾಸು ಗಟ್ಟಿ ಇದ್ದಿದ್ರ ಕಲ್ಲು ಒಳಗ ಇಳೀತಿತ್ತೇನು?" ಎಂದು ನನ್ನ ಕಡೆ ಬೆರಳು ಚಾಚಿದ. "ಒಂದ ಕೋಟ್ ಹೊಡದು ಬಣ್ಣಾ ಬಳದಾಕಿ ಈಕೀನ. ಈಕೀನ್ನ ಕೇಳ್ರಿ."

ಮೂರು ಕೋಟ್ ಎಂದು ಸರ್ಕಾರಕ್ಕೆ ಸಹಿ ಮಾಡಿ ಕೊಟ್ಟವನು, ನಲವತ್ತು ಜನರ ಮುಂದೆ ತನ್ನ ಬಾಯಿಂದಲೇ ಒಂದು ಅಂದಿದ್ದ. ಬಡಿದದ್ದನ್ನೂ ಅಲ್ಲಗಳೆದಿರಲಿಲ್ಲ.

"ಹೌದ್ರಿ, ಬಳದಾಕಿ ನಾನ," ಅಂದೆ. "ಬಳಿ ಅಂದವ್ರು ನೀವು. ಇಬ್ಬರೂ ಕೂಡೇ ಹೋಗಿ ಬರಕೊಡೂಣು ಬರ್ರಿ."

ಆಗ ದ್ಯಾಮವ್ವ ಮುಂದೆ ಬಂದಳು. ಸಾಹುಕಾರನನ್ನು ದಾಟಿ, ನನ್ನನ್ನೂ ದಾಟಿ, ಗಾಡಿಯ ಹತ್ತಿರ ಹೋಗಿ ಬಾಡಿಯ ಮೇಲೆ ಎರಡೂ ಅಂಗೈ ಊರಿದಳು.

"ಮೊದಲಿಂದ ಹಾಕು," ಅಂದಳು.

ಹಾಕಿದೆ. ಹೆಜ್ಜೆಗಳು ಬಂದವು. ಬಲೆ ಸದ್ದು ಮಾಡುವುದಷ್ಟೇ ಅಲ್ಲ, ಒತ್ತುತ್ತದೆ ಎಂದು ಹೇಳಿದೆನಲ್ಲ. ಅವಳ ಅಂಗೈಯ ಕೆಳಗೆ ಫಕೀರಪ್ಪ ಜೋರು ಕಾಲು, ಮೆಲ್ಲನೆ ಕಾಲು ಊರುತ್ತ ನಡೆದ. ಅವಳು ಕೈಗಳನ್ನು ಸರಿಸುತ್ತ ಅವನ ಹಿಂದೆ ಹೋದಳು. ಅತ್ತಳು. ಕಲ್ಲಿನ ಸದ್ದಿಗೆ ನಾನು ನಿಲ್ಲಿಸಿದಾಗ ಅವಳು ತಲೆಯೆತ್ತಿ, ಮುಂದಿನದೂ ಹಾಕು, ಸಾಹುಕಾರ ಕೇಳಲಿ ಅಂದಳು. ಅವನು ಹೊರಡಲು ನೋಡಿದ. ಹಮಾಲರು ಯಾರೂ ಅವನನ್ನು ಮುಟ್ಟಲಿಲ್ಲ, ದಾರಿಯನ್ನೂ ಬಿಡಲಿಲ್ಲ. ಕಲ್ಲು ಜಾರುತ್ತಿದ್ದಂತೆ ಅಂಗೈಗಳು ತಗಡಿಗೆ ಬಡಿದುಕೊಳ್ಳುವ ಸದ್ದು ಕೊನೆಯಾಗುವವರೆಗೆ ಅವನು ನಿಂತು ಕೇಳಬೇಕಾಯಿತು. ಒಂದು ಬಡಿತ, ಒಂದು ಬಡಿತ, ಒಂದು ಬಡಿತ. ಬಾಗಿಲು ಕಿತ್ತು ಹಾರುವ ಗಳಿಗೆಯವರೆಗೂ ಫಕೀರಪ್ಪ ನಿಲ್ಲು ಎಂದೇ ಬಡಿದಿದ್ದ.

ದ್ಯಾಮವ್ವ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಮುಂದೆ ಬಂದು ನಿಂತಳು.

"ನಿನಗ ನಾ ಎಂದೂ ಕ್ಷಮಾ ಮಾಡೂದಿಲ್ಲ," ಅಂದಳು. "ನಿಮ್ಮಣ್ಣಗ ಹೇಳು, ನಮ್ಮ ಮನಿಗೆ ಬಂದು ಒಂದು ತುತ್ತು ಉಂಡು ಹೋಗು ಅಂತ."

*

ಈ ಬಾರಿ ಅಧಿಕಾರಿ ನಗಲಿಲ್ಲ. ನಲವತ್ತು ಮನುಷ್ಯ ಸಾಕ್ಷಿಗಳು ಸಾಲಾಗಿ ನಿಂತಿದ್ದರು. ವಿಚಾರಣೆ ಮತ್ತೆ ತೆರೆಯಿತು. ನಾನೂ ನನ್ನ ತಪ್ಪನ್ನು ಬರೆದು ಸಹಿ ಹಾಕಿದೆ. ಹಾಸು ಹೊಡೆಯುವ ನನ್ನ ಪರವಾನಗಿ ಹೋಗುತ್ತದೆ, ಅದಕ್ಕಿಂತ ಹೆಚ್ಚೂ ಆಗಬಹುದು. ಉಪ್ಪು ತಿಂದವಳು ನೀರು ಕುಡಿಯಬೇಕು, ಕುಡಿಯುತ್ತೇನೆ. ಸಾಹುಕಾರನಿಗೆ ಜಾಮೀನು ಸಿಕ್ಕಿತು. ಸಿಗುತ್ತದೆ ಎಂದು ಗೊತ್ತಿತ್ತು. ನಾಲ್ಕನೇ ದಿನ ಬೆಳಿಗ್ಗೆ, ಏನೂ ಆಗಿಲ್ಲವೆಂಬಂತೆ ಇಸ್ತ್ರಿಯ ಅಂಗಿ ಹಾಕಿಕೊಂಡು ಡಿಪೋಕ್ಕೆ ಬಂದ.

ಏಳು ಗಾಡಿಗಳೂ ಕಲ್ಲು ಹೇರಿಕೊಂಡು ನಿಂತಿದ್ದವು. ನಾನು ಶೆಡ್ಡಿನಲ್ಲಿ ನನ್ನ ಸಾಮಾನು ಕಟ್ಟುತ್ತಿದ್ದೆ. ಹೊತ್ತಾಯಿತು, ಇನ್ನೂ ಯಾಕೆ ನಿಂತಿದ್ದೀರಿ ಎಂದು ಗದರಿಸಿ ಅವನು ಮೊದಲ ಗಾಡಿಗೆ ಬಡಿದ. ಟಣ್, ಟಣ್. ಮೈಬೂಬಸಾಬ ಸ್ಟೀರಿಂಗಿನಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಎದುರಿಗೆ ನೋಡುತ್ತ ಕೂತ. ಸಾಹುಕಾರ ಮತ್ತೊಂದು ಗಾಡಿಗೆ ಹೋಗಿ ಬಡಿದ. ಅಲ್ಲೂ ಅಷ್ಟೇ. ಮೂರನೆಯದಕ್ಕೆ, ನಾಲ್ಕನೆಯದಕ್ಕೆ. ಬಡಿತ ಜೋರಾಗುತ್ತ ಹೋಯಿತು, ಉಂಗುರದ ಪಕ್ಕದಲ್ಲಿ ಬೆರಳಿನ ಚರ್ಮ ಕಿತ್ತು ರಕ್ತ ಬಂತು. ಏಳು ಗಾಡಿಗೆ ಹದಿನಾಲ್ಕು ಬಡಿತ. ಒಂದು ಚಕ್ರವೂ ಉರುಳಲಿಲ್ಲ. ಅವನು ಕೆಂಪು ಧೂಳಿನಲ್ಲಿ ನಿಂತು ಒಂದೊಂದು ಗಾಡಿಯನ್ನೂ ನೋಡಿದ. ಬಳಿಕ ಹಮಾಲರಲ್ಲಿ ಒಬ್ಬ ಮೊದಲ ಗಾಡಿಯನ್ನು ಹತ್ತಿ ಸರಪಳಿ ಎಳೆದು ನೋಡಿ, ಅಂಗೈಯಿಂದ ಎರಡು ಸಲ ಬಡಿದ. ಗಾಡಿ ಸದ್ದಿಲ್ಲದೆ ಹೊರಟು ಸಾಹುಕಾರನ ಪಕ್ಕದಿಂದ ಹಾದುಹೋಯಿತು. ಅದರ ಹಿಂದೆ ಇನ್ನೊಂದು.

ಮನೆಗೆ ಓಡಿಬಂದು ಅಣ್ಣನಿಗೆ ಹೇಳಿದೆ. ಹಾಸಿನ ಬದಲು ಬಣ್ಣ ಬಳಿದವಳು ನಾನೆಂದೂ ದ್ಯಾಮವ್ವ ಊಟಕ್ಕೆ ಕರೆದಿದ್ದಾಳೆಂದೂ ಖಂಡೇನವಮಿಯ ದಿನವೇ ಅವನಿಗೆ ಹೇಳಿದ್ದೆ, ಅಲ್ಲಿಂದ ಅವನು ನನ್ನ ಜೊತೆ ಮಾತು ಬಿಟ್ಟಿದ್ದ. ಈಗಲೂ ಮಾತಾಡಲಿಲ್ಲ, ಆದರೆ ಎದ್ದು ಕೂತ. ಎಷ್ಟು ಬಡಿತ ಎಂದು ಸುಟ್ಟ ಬೆರಳುಗಳನ್ನು ಎತ್ತಿ ಸನ್ನೆಯಲ್ಲೇ ಕೇಳಿದ. ಹದಿನಾಲ್ಕು ಅಂದೆ. ಒಂದೂ ಹೊರಡಲಿಲ್ಲ ಅಂದೆ. ಅವನ ಹೊಟ್ಟೆಯಿಂದ ಒಂದು ನಗು ಬಂತು. ಒಳ್ಳೆಯ ನಗುವಲ್ಲ ಅದು, ಆದರೂ ಏಳು ತಿಂಗಳ ಮೇಲೆ ಕೇಳಿದ ನಗು. ನಗುತ್ತ ನಗುತ್ತ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತ.

"ಯವ್ವಾ, ದ್ಯಾಮವ್ವನ ಮನಿಗೆ ಒಯ್ಯಬೇಕು, ನಾಕು ರೊಟ್ಟಿ ಬಡಿ."

ಅವ್ವ ನನ್ನ ಮುಖ ನೋಡಿದಳು, ಅವನ ಮುಖ ನೋಡಿದಳು. ಆಮೇಲೆ ಲಟ್ಟಣಿಗೆಯನ್ನು ಪಕ್ಕಕ್ಕಿಟ್ಟಳು.